ಬಾಗಿಲ ಮೇಲಿನ ಒಂದು

ನಮ್ಮೂರಿಗೆ ಬಂದರೆ ಒಂದು ಮಾತು ನೆನಪಿಟ್ಟುಕೊಳ್ಳಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಯಾರ ಮನೆಯ ಬಾಗಿಲು ಪೂರಾ ತೆರೆದಿರುತ್ತದೋ ಆ ಮನೆಗೆ ಹೋಗಬೇಡಿ. ಅದು ನಿಮ್ಮನ್ನು ಬನ್ನಿ ಅನ್ನುವುದಕ್ಕೆ ತೆರೆದದ್ದಲ್ಲ. ಬಾಗಿಲ ಹೊರಮೈ ಒಳಕ್ಕೆ ತಿರುಗಲಿ, ಅದರ ಮೇಲೆ ಮೂಡಿದ ಅಂಕಿ ಬೀದಿಯವರಿಗೆ ಕಾಣದೆ ಇರಲಿ ಅಂತ ತೆರೆದದ್ದು. ದೊಡ್ಡ ಅಂಕಿಯವರು ಬಾಗಿಲು ಭದ್ರವಾಗಿ ಮುಚ್ಚಿ, ಅದಕ್ಕೆ ಬೆನ್ನು ಆನಿಸದೆ ಸ್ವಲ್ಪ ಪಕ್ಕಕ್ಕೆ ಸರಿದು, ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿರುತ್ತಾರೆ. ಅಲ್ಲಿಗೆ ಹೋಗಿ. ಕಾಫಿ ಸಿಗುತ್ತದೆ.

ಅಂಕಿ ಏನು ಅಂತ ಬೇರೆ ಊರಿನವರು ಕೇಳುತ್ತಾರೆ. ಆ ಮನೆಯವರ ಹೆಸರು ಅವತ್ತು ಊರಿನಲ್ಲಿ ಪರರ ಬಾಯಲ್ಲಿ ಎಷ್ಟು ಸಲ ಬಂತೋ ಅಷ್ಟು, ಇನ್ನೇನು? ಮನೆಯವರು ಮನೆಯವರನ್ನು ಕರೆದದ್ದು ಲೆಕ್ಕಕ್ಕಿಲ್ಲ. ತನ್ನ ಹೆಸರನ್ನು ತಾನೇ ಕೂಗಿಕೊಂಡದ್ದೂ ಇಲ್ಲ. ಬರೆದದ್ದಕ್ಕೆ ಬೆಲೆಯಿಲ್ಲ, ಬಾಯಿಂದಲೇ ಬರಬೇಕು. ಆ ಅಂಕಿ ಮಾರನೇ ಸಂಜೆಯವರೆಗೆ ಇರುತ್ತದೆ. ಆಮೇಲೆ ಹೊಸದು. ಪ್ರತಿ ಮನೆಯವರೂ ಅದನ್ನು ಕ್ಯಾಲೆಂಡರಿನ ಚೌಕದಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಾರೆ, ಹಾಲಿನ ಲೆಕ್ಕದ ಪಕ್ಕದಲ್ಲಿ.

ಇಂಥ ಊರಲ್ಲಿ ಜನ ಒಬ್ಬರನ್ನೊಬ್ಬರು ಹೆಸರು ಹಿಡಿದು ಧಾರಾಳವಾಗಿ ಕರೆಯುತ್ತಾರೆ ಅಂದುಕೊಂಡಿರಾ? ಅಯ್ಯೋ, ಜಿಪುಣರು! ತರಕಾರಿಯಣ್ಣ, ಟೈಲರಕ್ಕ, ಪೋಸ್ಟಿನವರು, ಮೂಲೆಮನೆ ಅಜ್ಜಿ. ಹೆಸರನ್ನು ಚಾಡಿಗೆ ಮತ್ತು ಮದುವೆ ಮಾತಿಗೆ ಮಾತ್ರ ಖರ್ಚು ಮಾಡುತ್ತಾರೆ. ನಾನು ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಮತ್ತು ಕಂಪ್ಯೂಟರ್ ಹೇಳಿಕೊಟ್ಟವಳು. ಎಲ್ಲರಿಗೂ ಟೀಚರಮ್ಮ. ನನಗೆ ಹೆಸರು ಅಂತ ಒಂದಿದೆ ಅನ್ನುವುದು ಪೆನ್ಷನ್ ಪುಸ್ತಕಕ್ಕೆ ಗೊತ್ತು. ಮದುವೆಯಾಗಲಿಲ್ಲ, ಹಾಗಾಗಿ ಬೈಯಲು ಅತ್ತೆಯೂ ಇಲ್ಲ. ನನ್ನ ಬಾಗಿಲಲ್ಲಿ ಸೊನ್ನೆಯೇ ಇರಬೇಕಿತ್ತು.

ಆದರೆ ಒಂದು ಇರುತ್ತಿತ್ತು. ದಿನಾ ಒಂದು. ಹಬ್ಬಕ್ಕೂ ಒಂದು, ಅಮಾವಾಸ್ಯೆಗೂ ಒಂದು, ನಾನು ಜ್ವರ ಬಂದು ಮಲಗಿದ್ದಾಗಲೂ ಒಂದು. ಹನ್ನೊಂದು ವರ್ಷಕ್ಕೆ ಹದಿನೈದು ದಿನ ಕಮ್ಮಿ. ಒಟ್ಟು ನಾಲ್ಕು ಸಾವಿರದ ಎರಡು ಒಂದುಗಳು ನನ್ನ ಹತ್ತಿರ ನೋಟ್‌ಬುಕ್ಕಿನಲ್ಲಿವೆ.

ಅದು ಶುರುವಾದದ್ದು ಊರಿನ ಮೊದಲನೇ ಹೊಸಬರ ಸ್ಪರ್ಧೆಯ ಮಾರನೇ ದಿನ. ಹೊಸಬರ ಸ್ಪರ್ಧೆ ಅಂದರೆ ಕಂಪ್ಯೂಟರನ್ನು ಮುಟ್ಟಿಯೂ ಗೊತ್ತಿಲ್ಲದವರಿಗೆ ಮೂರು ವಾರ ಪಾಠ ಹೇಳಿ, ಒಂದು ಭಾನುವಾರ ಒಂದೇ ಒಂದು ಲೆಕ್ಕ ಕೊಟ್ಟು ಪ್ರೋಗ್ರಾಂ ಬರೆಸುವುದು. ಲೆಕ್ಕ ಹಾಕಿಕೊಡುವವಳು ನಾನು. ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಸೀಟು ನಂಬರೇ. ಇಲ್ಲದಿದ್ದರೆ ಒಬ್ಬರ ಬಾಗಿಲಿಗೆ ಹೆಚ್ಚು, ಇನ್ನೊಬ್ಬರ ಬಾಗಿಲಿಗೆ ಕಮ್ಮಿ ಅಂತ ಜಗಳ. ಆ ಮೊದಲನೇ ವರ್ಷ ನಾನು ಬಾಯಿ ತಪ್ಪಿ ಯಾರನ್ನೋ ಹೆಸರು ಹಿಡಿದು ಕರೆದುಬಿಟ್ಟೆ. ಸ್ಪರ್ಧೆಯ ಕಾರ್ಯದರ್ಶಿಗಳು ಎಲ್ಲರೆದುರಿಗೇ ಪಕ್ಷಪಾತ ಅಂತ ಕೂಗಾಡಿದರು. ಮಾರನೇ ಸಂಜೆ ನನ್ನ ಬಾಗಿಲಲ್ಲಿ ಒಂದು. ಓಹೋ, ಆ ಮನುಷ್ಯ ಮನೆಗೆ ಹೋಗಿಯೂ ನನ್ನನ್ನು ಬೈಯುತ್ತಿದ್ದಾನೆ ಅಂದುಕೊಂಡೆ. ತಿಂಗಳಾಯಿತು, ವರ್ಷವಾಯಿತು. ಇಷ್ಟು ನಿಯಮವಾಗಿ ಯಾರೂ ಯಾರನ್ನೂ ಬೈಯುವುದಿಲ್ಲ. ಕಾರ್ಯದರ್ಶಿಗಳು ತೀರಿಕೊಂಡ ದಿನವೂ ಒಂದು ಇತ್ತು.

ಹಾಗಾದರೆ ಯಾರು? ಕೇಳಬೇಡಿ, ನಾನು ಏನೇನು ಕಲ್ಪಿಸಿಕೊಂಡೆ ಅಂತ. ಐವತ್ತು ದಾಟಿದವಳು ಹೇಳಿಕೊಳ್ಳುವಂಥದ್ದಲ್ಲ. ಸಂಜೆ ಬಾಗಿಲು ತೆರೆದಿಟ್ಟು, ಅಂಕಿ ಒಳಮುಖವಾಗಿ ನನ್ನ ಕಡೆ ತಿರುಗುವ ಹಾಗೆ ಮಾಡಿ, ಅದರೆದುರಿಗೆ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತಿದ್ದೆ. ಎದುರಿಗೆ ಒಬ್ಬರು ಕೂತ ಹಾಗೆ ಆಗುತ್ತಿತ್ತು. ಆ ಒಂದರ ಮೇಲೆ ನಾನು ಬದುಕಿದೆ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಸ್ಪರ್ಧೆಯ ತಿಂಗಳು, ಹದಿನಾಲ್ಕನೇ ತಾರೀಖು, ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ. ನೀರಿನವನು ಬಿದ್ದನಂತೆ, ವಾಲ್ವ್ ತಿರುಗಿಸುವ ಜಾಗದಲ್ಲೇ ಬಿದ್ದನಂತೆ ಅಂತ ಬೀದಿಯಲ್ಲಿ ಕೇಳಿದೆ. ಅಯ್ಯೋ ಪಾಪ ಅಂದು, ಪಾತ್ರೆ ತೊಳೆಯಲು ನೀರಿಲ್ಲವಲ್ಲ ಅಂತ ಗೊಣಗಿಕೊಂಡು ಒಳಗೆ ಬಂದೆ. ಆ ಸಂಜೆ ಬಾಗಿಲು ತೆರೆದು ತಟ್ಟೆ ಇಟ್ಟುಕೊಂಡು ತಲೆ ಎತ್ತಿದರೆ ಸೊನ್ನೆ.

ಕನ್ನಡಕ ಒರೆಸಿ ನೋಡಿದೆ. ಬೆರಳಿಂದ ಉಜ್ಜಿ ನೋಡಿದೆ. ಹದಿನೈದಕ್ಕೂ ಸೊನ್ನೆ, ಹದಿನಾರಕ್ಕೂ ಸೊನ್ನೆ. ನಾಲ್ಕನೇ ದಿನ ಅನ್ನ ಮಾಡಲಿಲ್ಲ. ಯಾರೋ ಗೊತ್ತಿಲ್ಲದವರು ಸತ್ತರೆ ಅಳುವುದು ಹೇಗೆ, ನೀವೇ ಹೇಳಿ? ಸತ್ತರೋ ಊರು ಬಿಟ್ಟರೋ ಅದೂ ಗೊತ್ತಿಲ್ಲ. ಸಾಕು ಇವಳ ಸಹವಾಸ ಅಂತ ಬಿಟ್ಟರೋ ಏನೋ. ಅದೊಂದು ಯೋಚನೆ ಬಂದಾಗ ಮಾತ್ರ ನಾನು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅತ್ತೆ.

ಆಮೇಲೆ ಟೀಚರ್ ಬುದ್ಧಿ ಎದ್ದಿತು. ಹನ್ನೊಂದು ವರ್ಷ ತಪ್ಪದ ಬಾಯಿ ಒಂದು ದಿನ ದಿಢೀರನೆ ನಿಂತಿತು ಅಂದರೆ ಆ ಬಾಯಿಯವರಿಗೆ ಏನೋ ಆಗಿದೆ. ಏನಾದರೂ ಆಯಿತು ಅಂದರೆ ನಮ್ಮೂರು ಸುಮ್ಮನಿರುತ್ತದೆಯೇ? ಅವತ್ತು ಅವರ ಹೆಸರು ಊರೆಲ್ಲ ಓಡಾಡಿರುತ್ತದೆ. ಅಂದರೆ ನನ್ನ ಬಾಗಿಲಿನ ಅಂಕಿ ಬಿದ್ದ ದಿನವೇ ಯಾವುದೋ ಒಂದು ಬಾಗಿಲಿನ ಅಂಕಿ ಎದ್ದಿರಬೇಕು. ಅದನ್ನು ಹುಡುಕಿದರಾಯಿತು. ಆದರೆ ಮೂರುನೂರು ಬಾಗಿಲ ಲೆಕ್ಕ ನನಗೆ ಯಾರು ಕೊಡುತ್ತಾರೆ?

ಸ್ಪರ್ಧೆಗೆ ಕೊಡುತ್ತಾರೆ. ನಮ್ಮೂರಿನ ಸ್ಪರ್ಧೆಯಲ್ಲಿ ಸುಳ್ಳು ಸಂಖ್ಯೆಗಳನ್ನು ಬಳಸುವುದಿಲ್ಲ, ಮೊದಲಿಂದಲೂ ಹಾಗೇ. ಪ್ರತಿ ಮನೆಯವರೂ ತಮ್ಮ ಕ್ಯಾಲೆಂಡರಿನ ಅಂಕಿಗಳನ್ನು ಒಂದು ಚೀಟಿಯಲ್ಲಿ ಸಾಲಾಗಿ ಬರೆದು, ಹೆಸರು ಹಾಕದೆ, ಮಡಿಸಿ ಶಾಲೆಯ ಡಬ್ಬಿಗೆ ಹಾಕುತ್ತಾರೆ. ಮಾನ ಮುಚ್ಚಿಯೇ ಇರುತ್ತದೆ, ಲೆಕ್ಕಕ್ಕೆ ಸಂಖ್ಯೆಯೂ ಸಿಗುತ್ತದೆ. ನಾನು ನನ್ನ ಚೀಟಿಯನ್ನೂ ಹಾಕಿದೆ. ಹದಿಮೂರಕ್ಕೆ ಒಂದು, ಹದಿನಾಲ್ಕಕ್ಕೆ ಸೊನ್ನೆ. ಆ ವರ್ಷದ ಲೆಕ್ಕವನ್ನು ಬೋರ್ಡಿನ ಮೇಲೆ ಹೀಗೆ ಬರೆದೆ: ಒಂದು ಸಾಲಿನಲ್ಲಿ ಇಪ್ಪತ್ತೇಳು ದಿನಗಳ ಇಪ್ಪತ್ತೇಳು ಸಂಖ್ಯೆಗಳಿವೆ. ಹಿಂದಿನ ದಿನದ ಸಂಖ್ಯೆಗೂ ಇವತ್ತಿನ ಸಂಖ್ಯೆಗೂ ಅತಿ ಹೆಚ್ಚಿನ ವ್ಯತ್ಯಾಸ ಇರುವುದು ಎಷ್ಟನೇ ತಾರೀಖು? ಆ ತಾರೀಖನ್ನು ಮುದ್ರಿಸಿ.

ಸುಲಭದ ಲೆಕ್ಕ. ಸಾಲಿನ ತುದಿಯಿಂದ ಹೊರಟು, ಪಕ್ಕದ್ದನ್ನು ಕಳೆಯುತ್ತ ಹೋಗಿ, ದೊಡ್ಡದನ್ನು ಕೈಯಲ್ಲಿ ಹಿಡಿದುಕೊಂಡರೆ ಮುಗಿಯಿತು. ಹದಿನೇಳು ಜನ ಕೂತಿದ್ದರು. ಬೇಕರಿಯವರು, ಇಬ್ಬರು ಸೊಸೆಯಂದಿರು, ಒಬ್ಬ ಪೂಜಾರಿ, ಮೂರನೇ ಸೀಟಿನಲ್ಲಿ ಟೈಲರಕ್ಕ ಜೈಬುನ್ನಿಸಾ. ನಲವತ್ತನಾಲ್ಕು ವಯಸ್ಸು, ಬಾಯಿ ಕತ್ತರಿಗಿಂತ ಹರಿತ. ಗಂಡ ಹದಿನೈದು ವರ್ಷದ ಹಿಂದೆ ದಾರ ತರುತ್ತೇನೆ ಅಂತ ಹೋದವನು ಬರಲಿಲ್ಲ. ಅವಳ ಹೆಸರನ್ನು ಇಲ್ಲಿ ಬರೆಯುತ್ತಿದ್ದೇನಲ್ಲ, ಆವತ್ತಿನವರೆಗೆ ಬಾಯಿಬಿಟ್ಟು ಒಂದು ಸಲವೂ ಹೇಳಿರಲಿಲ್ಲ. ನಾನೂ ಊರಿನವಳೇ ತಾನೇ.

ಮಧ್ಯಾಹ್ನದ ಹೊತ್ತಿಗೆ ಎಲ್ಲರ ಪ್ರೋಗ್ರಾಂಗಳೂ ಉಸಿರಾಡತೊಡಗಿದವು. ಡಬ್ಬಿಯಿಂದ ಚೀಟಿ ತೆಗೆದು ಅಂಕಿ ಹೊಡೆದು ಉತ್ತರ ಕೂಗಬೇಕು, ನಾನು ಬೋರ್ಡಿನ ಮೇಲೆ ಬರೆದುಕೊಳ್ಳಬೇಕು. ಒಂಬತ್ತು, ಇಪ್ಪತ್ತೊಂದು, ಆರು, ಎರಡು. ಆಮೇಲೆ ಪೂಜಾರಿ ಹದಿನಾಲ್ಕು ಅಂದರು. ನನ್ನ ಕೈಯಲ್ಲಿನ ಸೀಮೆಸುಣ್ಣ ಮುರಿಯಿತು.

"ಎಷ್ಟರಿಂದ ಎಷ್ಟಕ್ಕೆ ಹಾರಿದೆ ನೋಡಿ," ಅಂದೆ.

"ಹಾರಿಲ್ಲ ಟೀಚರಮ್ಮ, ಬಿದ್ದಿದೆ. ಒಂದರಿಂದ ಸೊನ್ನೆಗೆ."

ನನ್ನದೇ ಚೀಟಿ ಅಂದುಕೊಂಡು ಬೋರ್ಡಿನ ಮೂಲೆಯಲ್ಲಿ ಒಂದು ಗೀಟು ಎಳೆದೆ. ಅಷ್ಟರಲ್ಲಿ ಬೇಕರಿಯವರು ಹದಿನಾಲ್ಕು ಅಂದರು. ಅದೂ ಒಂದರಿಂದ ಸೊನ್ನೆಗೆ. ದೊಡ್ಡ ಸೊಸೆ ಹದಿನಾಲ್ಕು ಅಂದಳು. ಒಂದರಿಂದ ಸೊನ್ನೆಗೆ. ಚಿಕ್ಕ ಸೊಸೆಗೆ ಒಂದರ ಹಿಂದೆ ಒಂದು ಮೂರು ಚೀಟಿ, ಮೂರೂ ಅದೇ. ಪ್ರೋಗ್ರಾಂ ಕೆಟ್ಟಿದೆ ಅಂತ ಆಕೆ ಅಳುಮುಖ ಮಾಡಿದಳು. ಕೆಟ್ಟಿರಲಿಲ್ಲ. ಮೂರುನೂರ ಹನ್ನೆರಡು ಚೀಟಿ ಮುಗಿದಾಗ ಬೋರ್ಡಿನ ಮೂಲೆಯಲ್ಲಿ ನಾನು ಹಾಕಿದ ಗೀಟುಗಳು ನಲವತ್ತೊಂದು. ನಲವತ್ತೊಂದು ಬಾಗಿಲುಗಳು ತಿಂಗಳ ಮೊದಲಿಂದ ಒಂದು ಒಂದು ಒಂದು ಅಂತ ಬಂದು ಹದಿನಾಲ್ಕಕ್ಕೆ ಸೊನ್ನೆಯಾಗಿದ್ದವು. ಒಂದೇ ಒಂದು ಬಾಗಿಲು ಸೊನ್ನೆ ಸೊನ್ನೆ ಅಂತ ಬಂದು ಹದಿನಾಲ್ಕಕ್ಕೆ ಇನ್ನೂರ ಏಳಕ್ಕೆ ಹಾರಿತ್ತು.

ಪ್ರತಿಯೊಬ್ಬರೂ ಸಂಜೆ ಬಾಗಿಲು ತೆರೆದು ಬಚ್ಚಿಟ್ಟುಕೊಂಡದ್ದು ಬೋರ್ಡಿನ ಮೇಲೆ ಗೀಟಾಗಿ ನಿಂತಿತ್ತು. ಕೊನೆಗೆ ಜೈಬುನ್ನಿಸಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ಅದ್ರಲ್ಲಿ ಒಂದು ನಂದು ಟೀಚರಮ್ಮ," ಅಂದಳು. "ನನ್ನ ಗಂಡ ಊರಲ್ಲೇ ಎಲ್ಲೋ ಕದ್ದು ಕೂತವ್ನೆ, ದಿನಾ ಒಂದ್ಸಲ ನೆನೆಸ್ಕೊಂತಾನೆ ಅಂತ ನಾನಿದ್ದೆ. ನಲವತ್ತೊಂದು ಜನರ ಗಂಡ ಆಗಿಬಿಟ್ನಾ ಅವ್ನು?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಒಂದು ನನ್ನೊಬ್ಬಳದೇ ಆಗಿರಲಿಲ್ಲ. ಯಾರೋ ನಲವತ್ತೊಂದು ಮನೆಗೆ ಒಂದೊಂದು ಹಂಚುತ್ತಾ ಇದ್ದರು, ಮದುವೆಮನೆಯಲ್ಲಿ ಬಾಳೆಹಣ್ಣು ಹಂಚುವ ಹಾಗೆ. ನನಗೆ ಬಂದದ್ದು ನನ್ನ ಪಾಲು, ಅಷ್ಟೇ. ಹನ್ನೊಂದು ವರ್ಷ ಎದುರಿಗೆ ಕೂರಿಸಿಕೊಂಡು ಊಟ ಮಾಡಿದ್ದೆನಲ್ಲ, ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಇನ್ನೂರ ಏಳು ಯಾರ ಬಾಗಿಲು ಅಂತ ಯಾರೂ ಕೇಳಬೇಕಾಗಿರಲಿಲ್ಲ. ಹದಿನಾಲ್ಕಕ್ಕೆ ನೀರು ಬರದೆ ಊರೆಲ್ಲ ಕೊಡ ಹಿಡಿದು ನಿಂತಿದ್ದಾಗ, ನೀರಿನವನ ಹೆಸರೇನು ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಪಂಚಾಯ್ತಿಯ ಹಾಜರಿ ಪುಸ್ತಕ ತೆಗೆಸಿ ನೋಡಿದರಂತೆ. ಓಬಳಯ್ಯ. ಆಮೇಲೆ ಓಬಳಯ್ಯ ಎಲ್ಲಿ, ಓಬಳಯ್ಯನಿಗೆ ಏನಾಯಿತು, ಓಬಳಯ್ಯನ ಕೈಯಲ್ಲಿನ ವಾಲ್ವ್ ಕೀಲಿ ಎಲ್ಲಿ ಅಂತ ಇನ್ನೂರ ಏಳು ಸಲ. ಮೂರು ದಿನದಲ್ಲಿ ಹೊಸಬ ಬಂದ, ನಲ್ಲಿ ಬಂತು, ಆ ಬಾಗಿಲು ಮತ್ತೆ ಸೊನ್ನೆ. ಯೋಚಿಸಿದರೆ, ನಲವತ್ತೊಂದು ಬಾಗಿಲಿಗೆ ಒಂದೊಂದು ಹಂಚಿದವರು ಅವರಲ್ಲದೆ ಇನ್ಯಾರು? ನಾವು ಸಂಜೆ ಬಾಗಿಲು ತೆರೆದು ಅಂಕಿ ಮುಚ್ಚಿಡುತ್ತೇವೆ. ಬೆಳಗಿನ ಜಾವ ಎಲ್ಲರ ಬಾಗಿಲೂ ಮುಚ್ಚಿಯೇ ಇರುತ್ತವೆ, ನಿನ್ನೆಯ ಅಂಕಿ ಹೊತ್ತುಕೊಂಡು. ಆ ಹೊತ್ತಿನಲ್ಲಿ ಬೀದಿ ಬೀದಿ ನಡೆಯುವವರು ನೀರು ಬಿಡುವವರೊಬ್ಬರೇ.

ಆ ಸಾಯಂಕಾಲವೇ ನಾನೂ ಜೈಬುನ್ನಿಸಾಳೂ ಓಬಳಯ್ಯನವರ ಮನೆಗೆ ಹೋದೆವು. ಟ್ಯಾಂಕಿನ ಹಿಂದೆ ಒಂದು ಕೋಣೆಯ ಮನೆ. ಅಕ್ಕ ಸಾಕಮ್ಮ ಜೊತೆಗಿದ್ದರು, ಎಪ್ಪತ್ತರ ಹತ್ತಿರದ ಹೆಂಗಸು. ಮಂಚದ ಮೇಲೆ ಓಬಳಯ್ಯ ಮಲಗಿದ್ದರು. ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಬಾಯಿ ಓರೆಯಾಗಿತ್ತು. ಕಣ್ಣು ಮಾತ್ರ ಚುರುಕಾಗಿ ನಮ್ಮನ್ನೇ ನೋಡುತ್ತಿತ್ತು.

"ಮಾತು ನಿಂತೋಗೈತೆ ತಾಯಿ," ಅಂದರು ಸಾಕಮ್ಮ. "ಎಲ್ಲ ತಿಳೀತೈತೆ. ಬಾಯಿಗೆ ಬರಂಗಿಲ್ಲ."

ನಾವು ಬಂದ ಕಾರಣ ಹೇಳಿದೆವು. ಸಾಕಮ್ಮ ಎದ್ದು ಗೋಡೆಯ ಮೊಳೆಯಿಂದ ಹಳೇ ಕ್ಯಾಲೆಂಡರೊಂದನ್ನು ತೆಗೆದು ಹಿಂದುಮುಂದಾಗಿ ತಿರುಗಿಸಿದರು. ಹಿಂಬದಿಯ ಬಿಳಿ ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಹೆಸರುಗಳ ಪಟ್ಟಿ. "ದಿನಾ ಇದನ್ನ ಮಡಿಸಿ ಜೇಬಲ್ಲಿಟ್ಕೊಂಡು ಹೋಗವ್ನು. ವಾಲ್ವು ತಿರುವಿ ನೀರು ಬಿಟ್ಟಾದ ಮ್ಯಾಲೆ ಅಲ್ಲೇ ನಿಂತ್ಕಂಡು ಓದಿ ಹೇಳವ್ನು. ಯಾಕೋ ತಮ್ಮ ಇದು ಅಂದ್ರೆ, ಸೊನ್ನೆ ಬಾಗಿಲು ನೋಡ್ಕೊಂಡು ನಡೆಯಾಕಾಗಲ್ಲ ಅಕ್ಕಾ, ಅನ್ನವ್ನು."

ಜೈಬುನ್ನಿಸಾ ಪಟ್ಟಿಯ ಮೇಲೆ ಬೆರಳಿಟ್ಟು ಇಳಿದಳು. ಏಳನೆಯದು ಅವಳ ಹೆಸರು. ಬೆರಳು ಅಲ್ಲೇ ನಿಂತಿತು. "ಇಲ್ಲಿದ್ದೀನಿ ನಾನು," ಅಂದಳು, ಅಷ್ಟೇ. ಸೆರಗಿನಿಂದ ಮೂಗು ಒರೆಸಿಕೊಂಡು ಕಿಟಕಿಯ ಕಡೆ ಹೋಗಿ ನಿಂತಳು.

ನಾನು ನನ್ನ ಹೆಸರು ಹುಡುಕಿದೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಇರಲಿಲ್ಲ. ಎಣಿಸಿದೆ. ನಲವತ್ತು. ಇನ್ನೊಂದು ಸಲ ಎಣಿಸಿದೆ. ನಲವತ್ತೇ. ಬಿದ್ದ ಬಾಗಿಲು ನಲವತ್ತೊಂದು, ಪಟ್ಟಿಯಲ್ಲಿ ನಲವತ್ತು, ಇಲ್ಲದವಳು ನಾನು. ಏನು ಹೇಳಲಿ? ಹಂಚಿದ ಬಾಳೆಹಣ್ಣಿನಲ್ಲೂ ನನಗೆ ಪಾಲಿರಲಿಲ್ಲ.

"ಇದರಲ್ಲಿ ನನ್ನ ಹೆಸರಿಲ್ಲ ಸಾಕಮ್ಮ," ಅಂದೆ. "ನಾನು ಶಾಲೆ ಟೀಚರು."

ಸಾಕಮ್ಮ ನನ್ನ ಮುಖವನ್ನು ನೋಡಿ, ತಮ್ಮನ ಮುಖವನ್ನು ನೋಡಿ, ಆಮೇಲೆ ನನ್ನ ಹೆಸರು ಹೇಳಿದರು. ಪೂರ್ತಿ ಹೆಸರು, ನಮ್ಮಪ್ಪ ಇಟ್ಟದ್ದು. "ನೀವೇನಾ ತಾಯಿ ಅವ್ರು? ನೀವು ಪಟ್ಟಿಯಾಗೆ ಯಾಕಿರ್ತೀರಿ? ಪಟ್ಟಿ ಮರೆತೋಗೋರಿಗೆ. ಬೆಳಿಗ್ಗೆ ಮೊದಲನೇ ವಾಲ್ವಿಗೆ ಕೀಲಿ ಹಾಕಿ ತಿರುವ್ತಾ ಹೇಳೋ ಹೆಸರು ನಿಮ್ದು. ಅದಾದ ಮ್ಯಾಲೆ ಪಟ್ಟಿ ತೆಗೆಯವ್ನು. ನಿಮ್ಮಿಂದಾನೇ ಅಲ್ವಾ ಇದು ಹತ್ತಿದ್ದು? ಆವತ್ತು ಕಂಪೂಟರಿನ ಪಂದ್ಯಕ್ಕೆ ಹೋದವ್ನು ಬಂದು, ಅಕ್ಕಾ, ನಾನೇ ಕಡೆಯೋನಾದೆ, ಆದ್ರೆ ಟೀಚರಮ್ಮ ನನ್ನ ಹೆಸರು ಹಿಡ್ದು ಕರೆದ್ರು ಅಂದ. ಆವತ್ತು ಸಂಜೆ ನಮ್ಮ ಬಾಗಿಲಾಗೆ ಒಂದು ಬಂತು ನೋಡಿ. ಈ ಊರಿಗೆ ಬಂದು ಇಪ್ಪತ್ತು ವರ್ಷಕ್ಕೆ ಮೊದಲನೇ ಸಲ. ನಾವಿಬ್ರೂ ಬಾಗಿಲು ಮುಚ್ಚಿ ಹೊರಗೇ ಕೂತಿದ್ವಿ, ಚಳಿಯಾಗೆ."

ಆಗ ನೆನಪಾಯಿತು. ಕಾರ್ಯದರ್ಶಿ ಬೈದದ್ದು ಹನ್ನೊಂದು ವರ್ಷವೂ ನೆನಪಿತ್ತು, ಯಾರನ್ನು ಕರೆದು ಬೈಸಿಕೊಂಡೆ ಅನ್ನುವುದು ಮರೆತೇಹೋಗಿತ್ತು. ಆ ವರ್ಷದ ಲೆಕ್ಕ ಒಂದರಿಂದ ನೂರರವರೆಗೆ ಸಂಖ್ಯೆಗಳನ್ನು ಮುದ್ರಿಸಿ ಅಂತ. ಕೊನೆಯ ಸೀಟಿನಲ್ಲಿ ಖಾಕಿ ಅಂಗಿಯ ಒಬ್ಬರು ಸಂಖ್ಯೆಯನ್ನು ಒಂದು ಹೆಚ್ಚಿಸುವ ಸಾಲನ್ನೇ ಬರೆಯಲು ಮರೆತಿದ್ದರು. ಹೊಸಬರು ಮಾಡುವ ತಪ್ಪು. ಅವರ ಪರದೆಯ ತುಂಬ ಒಂದು, ಒಂದು, ಒಂದು, ಒಂದು. ನಿಲ್ಲಿಸಲೂ ಬರದೆ ಬೆವರುತ್ತಿದ್ದರು. ಪಕ್ಕದವರು ನಗುತ್ತಿದ್ದರು. ನಾನು ಬಗ್ಗಿ ಹಾಜರಿ ಚೀಟಿ ನೋಡಿ, "ಓಬಳಯ್ಯನವರೇ, ಗಾಬರಿಯಾಗಬೇಡಿ, ನಿಮ್ಮದು ತಪ್ಪಿಲ್ಲ, ನಿಲ್ಲುವುದು ಗೊತ್ತಿಲ್ಲ ಅಷ್ಟೇ," ಅಂದಿದ್ದೆ.

ಮಂಚದ ಹತ್ತಿರ ಹೋಗಿ ಕೂತೆ. "ಓಬಳಯ್ಯನವರೇ," ಅಂದೆ. ಅವರ ಓರೆಬಾಯಿ ಅಲುಗಿತು. ಸದ್ದು ಬರಲಿಲ್ಲ. ಮತ್ತೆ ಪ್ರಯತ್ನಪಟ್ಟರು, ಕುತ್ತಿಗೆಯ ನರ ಉಬ್ಬಿತು. ಆಮೇಲೆ ಬಿಟ್ಟುಕೊಟ್ಟು, ಹೊದಿಕೆಯ ಮೇಲಿದ್ದ ಎಡಗೈ ಎತ್ತಿ, ಮುಷ್ಟಿ ಹಿಡಿದು, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದರು, ವಾಲ್ವ್ ತಿರುಗಿಸಿದ ಹಾಗೆ. ಏನು ಹೇಳಿದರು ಅಂತ ನನಗೆ ತಿಳಿಯಿತು. ಬಾಗಿಲಿಗೆ ತಿಳಿಯುವುದಿಲ್ಲ. ಅದಕ್ಕೆ ಬಾಯಿಂದಲೇ ಬರಬೇಕು.

ಆ ಸಂಜೆ ನನ್ನ ಬಾಗಿಲಲ್ಲಿ ಒಂದು ಇತ್ತು, ಸಾಕಮ್ಮ ಹೇಳಿದ್ದರಲ್ಲ, ಅದು. ಮಾರನೇ ದಿನ ಸೊನ್ನೆ.

"ಅದಕ್ಯಾಕೆ ಅಷ್ಟು ಯೋಚ್ನೆ? ದಿನಾ ನಾನು ಹೇಳ್ತೀನಿ ಬಿಡಿ ನಿಮ್ಮ ಹೆಸ್ರು," ಅಂದಳು ಜೈಬುನ್ನಿಸಾ, ಮುಂದಿನ ವಾರ ರವಿಕೆಗೆ ಅಳತೆ ತೆಗೆಯುತ್ತಾ. "ಬೇಕಾದ್ರೆ ಹತ್ತು ಸಲ ಹೇಳ್ತೀನಿ. ಮಿಷನ್ ತುಳೀತಾ ಹೇಳಿದ್ರೆ ನನಗೇನು ಕಷ್ಟ?"

"ಖಬರ್ದಾರ್," ಅಂದೆ. "ಒಂದು ಸಲವೂ ಹೇಳಬೇಡ. ಸಾಕಮ್ಮನವರಿಗೂ ಹೇಳಿಬಿಟ್ಟಿದ್ದೇನೆ."

ಅವಳು ಬಾಯಲ್ಲಿ ಹಿಡಿದಿದ್ದ ಗುಂಡುಸೂಜಿಗಳನ್ನು ತೆಗೆದು ನನ್ನನ್ನೇ ನೋಡಿದಳು. ಟೀಚರಮ್ಮನಿಗೆ ತಲೆ ಕೆಟ್ಟಿತು ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ಈಗ ಬೆಳಗಿನ ಜಾವ ಎದ್ದು ಪಟ್ಟಿ ಹಿಡಿದು ನಾನೇ ಬೀದಿ ಸುತ್ತುತ್ತೇನೆ. ಮಂಡಿನೋವಿಗೆ ಒಳ್ಳೆಯದು ಅಂತ ಕೇಳಿದವರಿಗೆ ಹೇಳುತ್ತೇನೆ. ಮೊದಲನೇ ವಾಲ್ವಿನ ಹತ್ತಿರ ನಿಂತು ಮೊದಲು ಓಬಳಯ್ಯನವರ ಹೆಸರು, ಅದಕ್ಕೆ ಪಟ್ಟಿ ಬೇಕಾಗಿಲ್ಲ. ಆಮೇಲೆ ಕನ್ನಡಕ ಹಾಕಿಕೊಂಡು ನಲವತ್ತು ಹೆಸರು. ಆ ಬಾಗಿಲುಗಳೆಲ್ಲ ಮತ್ತೆ ಒಂದಕ್ಕೆ ಬಂದಿವೆ. ನನ್ನದು ಸೊನ್ನೆಯೇ. ಹಗಲೆಲ್ಲ ಹೇಗೋ ಕಳೆಯುತ್ತದೆ, ಊಟಕ್ಕೆ ಕೂತಾಗ ಕಷ್ಟ. ಸುಳ್ಳು ಹೇಳುವುದಿಲ್ಲ, ಬಹಳ ಕಷ್ಟ. ದಿನಾ ಮಧ್ಯಾಹ್ನ ಟ್ಯಾಂಕಿನ ಹಿಂದಿನ ಮನೆಗೆ ಹೋಗಿ ಓಬಳಯ್ಯನವರಿಗೆ ಅಕ್ಷರ ಹೇಳಿಸುತ್ತೇನೆ, ಒಂದನೇ ಕ್ಲಾಸಿನವರಿಗೆ ಹೇಳಿಸಿದ ಹಾಗೆ. ಹೋದ ತಿಂಗಳಿಂದ ಅ ಅನ್ನುತ್ತಿದ್ದಾರೆ.

ಈ ಕಥೆಯಲ್ಲಿ ನನ್ನ ಹೆಸರು ಎಲ್ಲೂ ಬರೆದಿಲ್ಲ, ನೋಡಿರಬಹುದು. ನಮ್ಮೂರಿನವರು ಯಾರಾದರೂ ಇದನ್ನು ಓದುತ್ತಾ ಬಾಯಿಬಿಟ್ಟು ಹೇಳಿಬಿಟ್ಟರೆ ನನ್ನ ಲೆಕ್ಕವೆಲ್ಲ ಕೆಡುತ್ತದೆ. ಸಂಜೆ ಈಗ ನಾನು ಬಾಗಿಲು ಮುಚ್ಚಿ, ಸೊನ್ನೆಯನ್ನು ಬೀದಿಗೆ ತೋರಿಸಿಕೊಂಡು, ಜಗಲಿಯ ಮೇಲೆ ಕೂರುತ್ತೇನೆ. ನೋಡುವವರು ನೋಡಲಿ. ಆ ಸೊನ್ನೆ ಒಂದಾದ ದಿನ ಅದು ಯಾರ ಬಾಯಿಂದ ಬಂತು ಅಂತ ನಾನು ಯಾರನ್ನೂ ಕೇಳಬೇಕಾಗಿರುವುದಿಲ್ಲ.